ಅರ್ಜಿಯೊಳಗಿನ 'ನಾವು'

ಅರ್ಜಿ ಎಂಬ ಶಬ್ದ ಅರಬ್ಬಿಯಿಂದ ಫಾರಸಿಗೆ ಬಂದು, ಫಾರಸಿಯಿಂದ ಕಚೇರಿಗಳ ಮೂಲಕ ಕನ್ನಡಕ್ಕೆ ಇಳಿದದ್ದು. ಇವತ್ತು ಅದನ್ನು ಯಾರೂ ಹೊರಗಿನ ಶಬ್ದವೆನ್ನುವುದಿಲ್ಲ. ಉರ್ದು ಶಾಲೆಯಲ್ಲಿ ನಮಗೆ ದರ್ಖಾಸ್ತ್ ಬರೆಯುವುದನ್ನು ಕಲಿಸಿದರು. ಕನ್ನಡ ಶಾಲೆಗೆ ಬಂದ ಮೇಲೆ ರಜಾ ಅರ್ಜಿ ಬರೆಯುವುದನ್ನು ಕಲಿಸಿದರು. ಬಲದಿಂದ ಎಡಕ್ಕಿದ್ದ ಬರವಣಿಗೆ ಎಡದಿಂದ ಬಲಕ್ಕಾಯಿತು, ಬಾಗುವ ಭಂಗಿ ಮಾತ್ರ ಬದಲಾಗಲಿಲ್ಲ. 'ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಎಂದು ಶುರುವಾಗಿ 'ತಮ್ಮ ವಿಧೇಯ' ಎಂದು ಮುಗಿಯುವುದೇ ಅರ್ಜಿ. ಅಕ್ಷರ ಬಲ್ಲವರೆಂಬ ಕಾರಣಕ್ಕೆ ಓಣಿಯ ಜನರಿಗೆ ವಿದ್ಯಾರ್ಥಿವೇತನಕ್ಕೆ, ರೇಷನ್ ಕಾರ್ಡಿಗೆ, ವಿಧವಾ ವೇತನಕ್ಕೆ ಅರ್ಜಿ ಬರೆದುಕೊಡುವ ಕೆಲಸ ಚಿಕ್ಕ ವಯಸ್ಸಿಗೇ ನಮ್ಮ ಪಾಲಿಗೆ ಬಂತು. ಈಗ ಯೋಚಿಸಿದರೆ, ಆ ಕಾಗದಗಳಲ್ಲಿ ನಾವು ಬರೆದದ್ದು ಅವರು ಹೇಳಿದ ಕಷ್ಟವನ್ನಲ್ಲ, ಕಚೇರಿ ಒಪ್ಪಬಹುದಾದ ಕಷ್ಟವನ್ನು. ಹೇಳಿದ್ದಕ್ಕೂ ಬರೆದದ್ದಕ್ಕೂ ನಡುವೆ ಬಿಟ್ಟುಹೋದದ್ದೇ ಮುಂದೆ ನಮ್ಮ ಕತೆಗಳಿಗೆ ಸಾಮಗ್ರಿಯಾಯಿತು.

ಈ ಅನುಭವವನ್ನು ಇಟ್ಟುಕೊಂಡೇ ನಾವು ಅಮೆರಿಕದ ಲ್ಯಾಟಿನೊ ಜನ ತಮ್ಮ ಮಕ್ಕಳ ಶಾಲೆಗಾಗಿ ಸಲ್ಲಿಸಿದ ಅರ್ಜಿ, ಮನವಿ, ಬೇಡಿಕೆ ಪಟ್ಟಿಗಳ ಚರಿತ್ರೆಯನ್ನು ಓದುತ್ತಾ ಬಂದಿದ್ದೇವೆ. ಲ್ಯಾಟಿನೊ ಎಂದರೆ ಲ್ಯಾಟಿನ್ ಅಮೆರಿಕದ ದೇಶಗಳ ಮೂಲದವರು. ಅವರಲ್ಲಿ ದೊಡ್ಡ ಪಾಲು ಮೆಕ್ಸಿಕೊ ಮೂಲದವರದು. ಇವರೆಲ್ಲ ನಿನ್ನೆ ಮೊನ್ನೆ ಗಡಿ ದಾಟಿ ಬಂದವರೆಂದು ತಿಳಿಯುವುದು ತಪ್ಪು. ಕ್ಯಾಲಿಫೋರ್ನಿಯ ಮತ್ತು ಅದರ ಸುತ್ತಲಿನ ಬಹುಪಾಲು ನೆಲ 1848ರವರೆಗೆ ಮೆಕ್ಸಿಕೊದ್ದೇ ಆಗಿತ್ತು. ಯುದ್ಧದಲ್ಲಿ ಸೋತ ಮೆಕ್ಸಿಕೊ ಅದನ್ನು ಬಿಟ್ಟುಕೊಟ್ಟಾಗ ಅಲ್ಲಿಯೇ ಉಳಿದವರು ಒಪ್ಪಂದದ ಪ್ರಕಾರ ಅಮೆರಿಕದ ಪೌರರಾದರು. ಆ ಕಾಲಕ್ಕೆ ಹೊರಗಿನಿಂದ ಬಂದವರಲ್ಲಿ ಪೌರತ್ವ ಸಿಗುತ್ತಿದ್ದದ್ದು ಬಿಳಿಯರಿಗೆ ಮಾತ್ರ. ಹೀಗಾಗಿ ಮೆಕ್ಸಿಕನ್ನರು ಕಾಗದದ ಮೇಲೆ 'ಬಿಳಿಯ'ರ ಸಾಲಿಗೆ ಸೇರಿದರು. ತೋಟದಲ್ಲಿ, ಹೋಟೆಲಿನಲ್ಲಿ, ಶಾಲೆಯ ಬಾಗಿಲಲ್ಲಿ ಅವರನ್ನು ಯಾರೂ ಬಿಳಿಯರೆಂದು ಎಣಿಸಲಿಲ್ಲ. ಈ ಒಡಕನ್ನು ನೆನಪಿನಲ್ಲಿಡದೆ ಅವರ ಅರ್ಜಿಗಳನ್ನು ಓದಲಾಗದು.

ಕತೆಗಾರರಾದ ನಾವು ಅರ್ಜಿಯನ್ನು ಗದ್ಯದ ಒಂದು ಪ್ರಕಾರವೆಂದೇ ಓದುತ್ತೇವೆ. ಅಲ್ಲಿ 'ನಾವು' ಎಂದು ಮಾತಾಡುತ್ತಿರುವವರು ಯಾರು? ಆ 'ನಾವು' ಕಟ್ಟಿಕೊಳ್ಳುವುದಕ್ಕಾಗಿ ಯಾರನ್ನು ಹೊರಗೆ ನಿಲ್ಲಿಸಲಾಗಿದೆ? ಅರ್ಜಿ ಗೆದ್ದಿತೋ ಸೋತಿತೋ ಎಂಬುದನ್ನು ಚರಿತ್ರೆಕಾರರು ಬರೆದಿದ್ದಾರೆ. ನಮ್ಮ ಆಸಕ್ತಿ ಈ ಎರಡು ಪ್ರಶ್ನೆಗಳಲ್ಲಿದೆ.

ಮೊದಲನೆಯ ಪಠ್ಯ ಲೆಮನ್ ಗ್ರೋವ್ ಎಂಬ ಊರಿನದು. ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊ ಬಳಿಯ ಈ ಊರಿನ ನಿಂಬೆ ತೋಟಗಳಲ್ಲಿ ದುಡಿಯುತ್ತಿದ್ದವರು ಮೆಕ್ಸಿಕನ್ನರು. 1931ರ ಜನವರಿ 5ರಂದು, ರಜೆ ಮುಗಿಸಿ ಮಕ್ಕಳು ಶಾಲೆಗೆ ಬಂದಾಗ ಮುಖ್ಯೋಪಾಧ್ಯಾಯ ಬಾಗಿಲಲ್ಲೇ ನಿಂತಿದ್ದ. ಬಿಳಿಯ ಮಕ್ಕಳು ಒಳಗೆ ಹೋಗಬಹುದು, 75 ಮಂದಿ ಮೆಕ್ಸಿಕನ್ ಮಕ್ಕಳು ತಮ್ಮ ಕೇರಿಯಲ್ಲಿ ಹೊಸದಾಗಿ ಕಟ್ಟಿದ ಎರಡು ಕೋಣೆಯ ಶಾಲೆಗೆ ಹೋಗಬೇಕು ಎಂದ. ಜನ ಆ ಕಟ್ಟಡಕ್ಕೆ ಸ್ಪ್ಯಾನಿಷಿನಲ್ಲಿ 'ಕುದುರೆ ಲಾಯ' ಎಂದು ಹೆಸರಿಟ್ಟರು. ಮಕ್ಕಳು ಅಲ್ಲಿಗೆ ಹೋಗದೆ ಮನೆಗೆ ವಾಪಸಾದರು. ತಾಯಿತಂದೆಯರು 'ನೆರೆಹೊರೆಯವರ ಸಮಿತಿ' ಕಟ್ಟಿಕೊಂಡರು, ಮೆಕ್ಸಿಕೊದ ಕಾನ್ಸುಲೇಟ್ ಕಚೇರಿಯ ನೆರವಿನಿಂದ ವಕೀಲರನ್ನು ಹಿಡಿದರು, ರೊಬೆರ್ಟೊ ಅಲ್ವಾರೆಜ್ ಎಂಬ 12 ವರ್ಷದ ಹುಡುಗನ ಹೆಸರಿನಲ್ಲಿ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಆಗ ಮಹಾ ಆರ್ಥಿಕ ಕುಸಿತದ ಕಾಲ. ಕೆಲಸ ಕಿತ್ತುಕೊಳ್ಳುವವರೆಂದು ಹೇಳಿ ಲಕ್ಷಾಂತರ ಮೆಕ್ಸಿಕನ್ನರನ್ನು, ಅಮೆರಿಕದಲ್ಲೇ ಹುಟ್ಟಿದ ಮಕ್ಕಳನ್ನೂ ಸೇರಿಸಿ, ಗಡಿಯಾಚೆಗೆ ದೂಡಲಾಗುತ್ತಿತ್ತು. ಅಂಥ ವರ್ಷದಲ್ಲಿ ತೋಟದ ಕೂಲಿಯೊಬ್ಬ ತನ್ನ ಹೆಸರನ್ನು ಕಾಗದದ ಮೇಲೆ ಬರೆಯುವುದೆಂದರೆ ಎಷ್ಟು ದೊಡ್ಡ ಮಾತು ಎಂಬುದನ್ನು ನಾವು ಮರೆಯಬಾರದು.

ಅದೇ ವರ್ಷ ತೀರ್ಪು ಮಕ್ಕಳ ಪರವಾಗಿ ಬಂತು. ಆದರೆ ಗೆದ್ದ ವಾದ ಯಾವುದು ಎಂಬುದನ್ನು ನೋಡಬೇಕು. ಕ್ಯಾಲಿಫೋರ್ನಿಯದ ಕಾನೂನು ಅಲ್ಲಿನ ಮೂಲನಿವಾಸಿ ಇಂಡಿಯನ್ನರ, ಚೀನೀಯರ, ಜಪಾನೀಯರ ಮಕ್ಕಳನ್ನು ಪ್ರತ್ಯೇಕ ಶಾಲೆಯಲ್ಲಿ ಕೂರಿಸಲು ಅವಕಾಶ ಕೊಟ್ಟಿತ್ತು. ಆ ಪಟ್ಟಿಯಲ್ಲಿ ಮೆಕ್ಸಿಕನ್ನರ ಹೆಸರಿರಲಿಲ್ಲ. ನಮ್ಮನ್ನು ಪ್ರತ್ಯೇಕಿಸಲು ಕಾನೂನಿಲ್ಲ ಎಂಬ ವಾದದ ಬೆನ್ನಿಗೆ, ಇತರರನ್ನು ಪ್ರತ್ಯೇಕಿಸಲು ಕಾನೂನಿದೆ ಎಂಬ ಒಪ್ಪಿಗೆ ಮೌನವಾಗಿ ನಿಂತಿತ್ತು. ಪ್ರಭುತ್ವಕ್ಕೆ ಈ ಬಿರುಕು ಕೂಡಲೇ ಕಂಡಿತು. ಅದೇ 1931ರಲ್ಲಿ ಮೆಕ್ಸಿಕನ್ ಮಕ್ಕಳನ್ನು 'ಇಂಡಿಯನ್ನರು' ಎಂದು ಕರೆದು ಪ್ರತ್ಯೇಕಿಸಲು ದಾರಿ ಮಾಡುವ ಮಸೂದೆಯೊಂದು ರಾಜ್ಯದ ಶಾಸನಸಭೆಗೆ ಬಂತು. ಅದು ಬಿದ್ದುಹೋಯಿತು. ಆದರೂ ಪಟ್ಟಿಗೆ ಒಂದು ಹೆಸರು ಸೇರಿಸಿದರೆ ಕುಸಿಯುವಂಥ ಗೋಡೆಯನ್ನು ನೆಚ್ಚಿಕೊಂಡಿದ್ದೇವೆಂಬುದು ಆ ನೆರೆಹೊರೆಯವರಿಗೆ ಗೊತ್ತಾಗಿರಲೇಬೇಕು.

ಹೆಚ್ಚು ಪ್ರಸಿದ್ಧವಾದ ಎರಡನೆಯ ಪಠ್ಯ ಅದೇ ರಾಜ್ಯದ ಆರೆಂಜ್ ಕೌಂಟಿಯ ವೆಸ್ಟ್‌ಮಿನ್‌ಸ್ಟರ್ ಊರಿನದು. ಇದರ ಶುರುವಿನಲ್ಲಿ ಒಬ್ಬ ಹೆಂಗಸಿದ್ದಾಳೆ. ಹೆಸರು ಸೊಲೆದಾದ್ ವಿದೌರ್ರಿ. ತನ್ನ ಮಕ್ಕಳನ್ನೂ, ತಮ್ಮನಾದ ಗೊನ್ಜಾಲೊ ಮೆಂಡೆಜ್‌ನ ಮಕ್ಕಳನ್ನೂ ಶಾಲೆಗೆ ಸೇರಿಸಲು ಕರೆದುಕೊಂಡು ಹೋದಳು. ಅವಳ ಮಕ್ಕಳು ಬೆಳ್ಳಗಿದ್ದರು, ಮನೆತನದ ಹೆಸರೂ ಮೆಕ್ಸಿಕನ್ ಹೆಸರಿನಂತೆ ಕೇಳುತ್ತಿರಲಿಲ್ಲ. ಅವರನ್ನು ಸೇರಿಸಿಕೊಳ್ಳುತ್ತೇವೆ, ಕಪ್ಪಗಿರುವ ಮೆಂಡೆಜ್ ಮಕ್ಕಳು 'ಮೆಕ್ಸಿಕನ್ ಶಾಲೆ'ಗೆ ಹೋಗಲಿ ಎಂದರು. ಸೊಲೆದಾದ್ ತನ್ನ ಮಕ್ಕಳನ್ನೂ ಬಿಡಲಿಲ್ಲ. ಎಲ್ಲರನ್ನೂ ಕರೆದುಕೊಂಡು ಮನೆಗೆ ಬಂದುಬಿಟ್ಟಳು.

ಇಡೀ ಚರಿತ್ರೆಯಲ್ಲಿ ನಮಗೆ ಅತ್ಯಂತ ದೊಡ್ಡದಾಗಿ ಕಂಡ ಘಟನೆ ಇದು. ಅವಳ ಮುಂದೆ ಬಾಗಿಲು ತೆರೆದಿತ್ತು. ತನ್ನ ಮಕ್ಕಳಿಗೆ ಸಿಕ್ಕಿದ್ದನ್ನು ಇಟ್ಟುಕೊಂಡು, ತಮ್ಮನ ಮಕ್ಕಳಿಗಾಗಿ ಆಮೇಲೆ ಹೋರಾಡಬಹುದಾಗಿತ್ತು. ಲೋಕರೂಢಿಯ ವಿವೇಕ ಹೇಳುವುದೂ ಅದನ್ನೇ. ಅವಳು ಹಾಗೆ ಮಾಡಲಿಲ್ಲ.

ಗೊನ್ಜಾಲೊ ಮೊದಲು ಶಾಲಾ ಮಂಡಳಿಗೆ ಮನವಿ ಸಲ್ಲಿಸಿ ನೋಡಿದ. ಕೆಲಸವಾಗಲಿಲ್ಲ. 1945ರ ಮಾರ್ಚಿನಲ್ಲಿ ಐವರು ತಂದೆಯರು ಸುಮಾರು 5,000 ಮಕ್ಕಳ ಪರವಾಗಿ ನಾಲ್ಕು ಶಾಲಾ ಮಂಡಳಿಗಳ ಮೇಲೆ ದಾವೆ ಹೂಡಿದರು. ವಿಚಾರಣೆಯಲ್ಲಿ ಒಬ್ಬ ಶಾಲಾ ಅಧಿಕಾರಿ, ಮೆಕ್ಸಿಕನ್ ಮಕ್ಕಳು ಶುಚಿತ್ವದಲ್ಲಿ, ಬುದ್ಧಿಯಲ್ಲಿ ಕೆಳಗಿನವರು ಎಂದು ಪ್ರಮಾಣ ಮಾಡಿ ಹೇಳಿದ. ಮಕ್ಕಳಿಗೆ ಇಂಗ್ಲಿಷ್ ಬಾರದು ಎಂಬ ಮಾತಿಗೆ 14 ವರ್ಷದ ಹುಡುಗಿಯೊಬ್ಬಳು ಸಾಕ್ಷಿಕಟ್ಟೆಗೆ ಬಂದು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. 1946ರ ಫೆಬ್ರವರಿಯಲ್ಲಿ ನ್ಯಾಯಾಧೀಶ ಪಾಲ್ ಮೆಕಾರ್ಮಿಕ್ ತಂದೆಯರ ಪರ ತೀರ್ಪಿತ್ತರು. 1947ರ ಏಪ್ರಿಲ್‌ನಲ್ಲಿ ಮೇಲಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ಗವರ್ನರ್ ಅರ್ಲ್ ವಾರೆನ್ ರಾಜ್ಯದ ಪ್ರತ್ಯೇಕ ಶಾಲೆಗಳ ಕಾನೂನನ್ನೇ ರದ್ದು ಮಾಡುವ ಮಸೂದೆಗೆ ಸಹಿ ಹಾಕಿದರು. ಮುಂದೆ 1954ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾಗಿ, ಕಪ್ಪು ಮಕ್ಕಳ ಪ್ರತ್ಯೇಕ ಶಾಲೆಗಳು ಸಂವಿಧಾನಕ್ಕೆ ವಿರುದ್ಧ ಎಂಬ ಬ್ರೌನ್ ತೀರ್ಪನ್ನು ಬರೆದವರೂ ಇವರೇ.

ಇಷ್ಟೆಲ್ಲ ಆದರೂ ದಾವೆಯ ಒಳಗಿನ ವಾದ ಸೊಲೆದಾದ್‌ಳ ನಡೆಗಿಂತ ಚಿಕ್ಕದು. ಇಲ್ಲಿ ಜನಾಂಗದ ಪ್ರಶ್ನೆಯೇ ಇಲ್ಲ, ಮೆಕ್ಸಿಕನ್ನರೂ ಬಿಳಿಯರೇ ಎಂಬುದನ್ನು ಎರಡೂ ಕಡೆಯವರು ಒಪ್ಪಿಕೊಂಡು ಮೊಕದ್ದಮೆ ನಡೆಸಿದರು. ಮೇಲಿನ ನ್ಯಾಯಾಲಯವೂ ಈ ಪಟ್ಟಿಯಲ್ಲಿ ಮೆಕ್ಸಿಕನ್ನರಿಲ್ಲ ಎಂಬ ಹಳೆಯ ನೆಲೆಯ ಮೇಲೇ ತೀರ್ಪು ಕೊಟ್ಟಿತು. ತೆರೆದ ಬಾಗಿಲಿನ ಮುಂದೆ ಆ ತಾಯಿ 'ನನ್ನ ಮಕ್ಕಳ ಬಿಳುಪು ನನಗೆ ಬೇಡ' ಎಂಬಂತೆ ತಿರುಗಿ ಬಂದಿದ್ದಳು. ಅದೇ ಮಕ್ಕಳ ಅರ್ಜಿ ನ್ಯಾಯಾಲಯದಲ್ಲಿ ಬಿಳುಪನ್ನೇ ದಾಖಲೆಯಾಗಿ ತೋರಿಸಿತು. ವಕೀಲರನ್ನು ದೂರಿ ಫಲವಿಲ್ಲ. ಪ್ರತ್ಯೇಕ ಸೌಲಭ್ಯ ಸಮಾನವಾಗಿದ್ದರೆ ಸಾಕು ಎಂಬ 1896ರ ತೀರ್ಪು ಆಗ ಜಾರಿಯಲ್ಲಿತ್ತು, ಅದನ್ನು ತಪ್ಪಿಸಿಕೊಂಡು ಹೋಗುವ ದಾರಿ ಅವರಿಗೆ ಕಂಡದ್ದು ಇದೊಂದೇ. ಆದರೆ ಯುಕ್ತಿಯ ದಾರಿಗೂ ಸುಂಕ ಇರುತ್ತದೆ.

ಈ ದಾರಿಯಲ್ಲಿ ನಮ್ಮ ದೇಶದವರೂ ನಡೆದು ಸೋತಿದ್ದರು. ಪಂಜಾಬಿನಿಂದ ಹೋಗಿ ಅಮೆರಿಕದ ಸೈನ್ಯದಲ್ಲಿ ಕೆಲಸ ಮಾಡಿದ್ದ ಭಗತ್ ಸಿಂಗ್ ತಿಂಡ್ ಎಂಬ ಸಿಖ್ಖರು ಪೌರತ್ವ ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋದರು. ತಾನು ಮೇಲುಜಾತಿಯವ, ಆರ್ಯ, ಆದ್ದರಿಂದ ಬಿಳಿಯ ಎಂಬುದು ಅಲ್ಲಿ ಅವರ ಪರವಾಗಿ ಮಂಡಿಸಿದ ವಾದ. 1923ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸಾಮಾನ್ಯ ಬಿಳಿಯ ಮನುಷ್ಯ ಯಾರನ್ನು ಬಿಳಿಯ ಎನ್ನುತ್ತಾನೋ ಅವನೇ ಬಿಳಿಯ ಎಂಬುದು ತೀರ್ಪಿನ ತಾತ್ಪರ್ಯ. ಊರಿನಲ್ಲಿ ಇತರರನ್ನು ಹೊರಗಿಡಲು ಬಳಕೆಯಾದ ಜಾತಿಯನ್ನು ಪರದೇಶದಲ್ಲಿ ತನ್ನನ್ನು ಒಳಗೆ ಬಿಟ್ಟುಕೊಳ್ಳಲು ಬಳಸಿದ ಈ ಅರ್ಜಿಯನ್ನು ಓದುವಾಗ ನಮಗೆ ಮರುಕವೂ ನಾಚಿಕೆಯೂ ಒಟ್ಟಿಗೇ ಆಯಿತು. ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯದ ಇಂಪೀರಿಯಲ್ ಕಣಿವೆಯಲ್ಲಿ ಪಂಜಾಬಿನ ಸಿಖ್, ಮುಸ್ಲಿಂ ರೈತರು ಮೆಕ್ಸಿಕನ್ ಹೆಂಗಸರನ್ನು ಮದುವೆಯಾಗಿ ಸಂಸಾರ ಕಟ್ಟುತ್ತಿದ್ದರು. ಯಾವ ಧರ್ಮದವರಾದರೂ ಅಲ್ಲಿನವರು ಅವರನ್ನು ಕರೆಯುತ್ತಿದ್ದದ್ದು 'ಹಿಂದೂಗಳು' ಎಂದೇ.

ವೆಸ್ಟ್‌ಮಿನ್‌ಸ್ಟರ್ ಅರ್ಜಿಯನ್ನು ದೊಡ್ಡದು ಮಾಡಿದ್ದು ಅದರ ವಾದಕ್ಕಿಂತ ಹೆಚ್ಚಾಗಿ ಅದರ ಜೊತೆ ನಿಂತವರು. ಮೇಲಿನ ನ್ಯಾಯಾಲಯದಲ್ಲಿ ಕಪ್ಪು ಜನರ ಸಂಘಟನೆಯಾದ ಎನ್‌ಎಎಸಿಪಿ, ಜಪಾನಿ ಅಮೆರಿಕನ್ನರ ಸಂಘ, ಯಹೂದಿಗಳ ಸಂಘಟನೆ ತಾವಾಗಿ ಬೆಂಬಲದ ಮನವಿಗಳನ್ನು ಸಲ್ಲಿಸಿದವು. ಎನ್‌ಎಎಸಿಪಿ ಪರವಾಗಿ ಸಹಿ ಹಾಕಿದವರಲ್ಲಿ ಥರ್ಗುಡ್ ಮಾರ್ಷಲ್ ಇದ್ದರು. ಬಿಳಿಯರೆಂಬ ವಾದದಿಂದ ಕಪ್ಪು ಜನರಿಗೆ ಏನೂ ಸಿಗುವಂತಿರಲಿಲ್ಲ, ಆದರೂ ಬಂದರು. ಇನ್ನೊಂದು ಸಂಗತಿ: ಮೆಂಡೆಜ್ ಕುಟುಂಬ ಆ ಊರಿಗೆ ಬಂದದ್ದೇ ಮುನೆಮಿತ್ಸು ಎಂಬ ಜಪಾನಿ ಮೂಲದ ಕುಟುಂಬದ ಹೊಲವನ್ನು ಗೇಣಿಗೆ ಮಾಡಲು. ಯುದ್ಧಕಾಲದಲ್ಲಿ ಆ ಕುಟುಂಬವನ್ನು ಅರಿಜೋನದ ಪೋಸ್ಟನ್ ಎಂಬಲ್ಲಿನ ಶಿಬಿರದಲ್ಲಿ ಕೂಡಿಹಾಕಲಾಗಿತ್ತು. ಹೋರಾಟಕ್ಕೆ ಖರ್ಚಾದ ದುಡ್ಡು ಆ ಹೊಲದ ಬೆಳೆಯಿಂದ ಬಂದದ್ದು. ಒಬ್ಬರ ಸೆರೆಯ ಕಾಲದಲ್ಲಿ ಇನ್ನೊಬ್ಬರ ಬಿಡುಗಡೆಯ ಬೀಜ ಬಿತ್ತಿದ ಈ ಹೊಲ ಅರ್ಜಿಯ ಯಾವ ಸಾಲಿನಲ್ಲೂ ಇಲ್ಲ.

ಬಿಳುಪಿನ ವಾದದ ಸುಂಕವನ್ನು ಕಟ್ಟಬೇಕಾಗಿ ಬಂದದ್ದು ಟೆಕ್ಸಸ್‌ನ ಹ್ಯೂಸ್ಟನ್ ನಗರದಲ್ಲಿ. 1970ರಲ್ಲಿ ಅಲ್ಲಿನ ಶಾಲೆಗಳಲ್ಲಿ ಬಿಳಿಯ, ಕಪ್ಪು ಮಕ್ಕಳನ್ನು ಬೆರೆಸಬೇಕೆಂದು ನ್ಯಾಯಾಲಯ ಆಜ್ಞೆ ಮಾಡಿತು. ಮೆಕ್ಸಿಕನ್ನರು ಕಾನೂನಿನ ಪ್ರಕಾರ ಬಿಳಿಯರಲ್ಲವೆ? ಮಂಡಳಿ ಕಪ್ಪು ಮಕ್ಕಳ ಬಡ ಶಾಲೆಗಳ ಜೊತೆಗೆ ಮೆಕ್ಸಿಕನ್ ಮಕ್ಕಳ ಬಡ ಶಾಲೆಗಳನ್ನು ಬೆರೆಸಿ ಲೆಕ್ಕ ಒಪ್ಪಿಸಿತು. ಶ್ರೀಮಂತ ಬಿಳಿಯರ ಶಾಲೆಗಳು ಬಹುಪಾಲು ಇದ್ದಂತೆಯೇ ಉಳಿದವು. ಸಾವಿರಾರು ಮೆಕ್ಸಿಕನ್ ಮಕ್ಕಳು ಶಾಲೆ ಬಹಿಷ್ಕರಿಸಿದರು. ಚರ್ಚುಗಳಲ್ಲಿ, ಸಮುದಾಯ ಭವನಗಳಲ್ಲಿ 'ಮುಷ್ಕರದ ಶಾಲೆ'ಗಳು ನಡೆದವು. ನಾವು ಬಿಳಿಯರಲ್ಲ, ಕಂದು ಬಣ್ಣದವರು ಎಂಬುದು ಅವರ ಹೊಸ ಬೇಡಿಕೆಯಾಯಿತು. ತಾತಂದಿರು ಗೆಲ್ಲಲು ಹಿಡಿದ ಕಾಗದವನ್ನು ಮೊಮ್ಮಕ್ಕಳು ಹರಿಯಬೇಕಾಯಿತು. ಈ ಬಹಿಷ್ಕಾರದಲ್ಲಿ ಕಪ್ಪು ಮಕ್ಕಳ ಪಕ್ಕ ಕೂರಲಾರೆವು ಎಂಬ ದನಿ ಎಲ್ಲೂ ಇರಲಿಲ್ಲವೆಂದು ಹೇಳಿದರೆ ಚರಿತ್ರೆಯನ್ನು ಚಂದ ಮಾಡಿದಂತಾದೀತು. ಬೆರೆಯುವ ಭಾರವನ್ನು ಇಬ್ಬರು ಬಡವರೇ ಏಕೆ ಹೊರಬೇಕು ಎಂಬ ಪ್ರಶ್ನೆಯನ್ನು ಇಬ್ಬರೂ ಸೇರಿ ಕೇಳಿದ್ದರೆ ಅದರ ತೂಕವೇ ಬೇರೆಯಾಗುತ್ತಿತ್ತು.

ಇದಕ್ಕೆ ಎರಡು ವರ್ಷ ಮೊದಲು, 1968ರ ಮಾರ್ಚಿನಲ್ಲಿ, ಪೂರ್ವ ಲಾಸ್ ಏಂಜಲೀಸ್‌ನ ಹೈಸ್ಕೂಲು ಮಕ್ಕಳು ಬರೆದ ಬೇಡಿಕೆ ಪಟ್ಟಿ ಈ ಪ್ರಕಾರದ ಭಾಷೆಯನ್ನೇ ಬದಲಿಸಿತ್ತು. ಆ ಶಾಲೆಗಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಓದು ಮುಗಿಸದೆ ಹೊರಬೀಳುತ್ತಿದ್ದರು. ಶಾಲೆ ಬಿಟ್ಟವರಲ್ಲ, ಶಾಲೆಯಿಂದ ದೂಡಲ್ಪಟ್ಟವರು ಎಂದು ಚಳವಳಿಗಾರರು ಹೇಳುತ್ತಿದ್ದರು. ಲಿಂಕನ್ ಹೈಸ್ಕೂಲಿನ ಶಿಕ್ಷಕ ಸಾಲ್ ಕ್ಯಾಸ್ಟ್ರೊ ಮಕ್ಕಳ ಜೊತೆ ನಿಂತರು. ಮಕ್ಕಳು ಮಂಡಳಿಯ ಮುಂದೆ ಅಹವಾಲು ಇಟ್ಟು ಸೋತ ಮೇಲೆ ಸಾವಿರಾರು ಸಂಖ್ಯೆಯಲ್ಲಿ ತರಗತಿ ಬಿಟ್ಟು ಬೀದಿಗೆ ಬಂದರು.

ಮೂವತ್ತಕ್ಕೂ ಹೆಚ್ಚು ಬೇಡಿಕೆಗಳ ಆ ಪಟ್ಟಿಯಲ್ಲಿ ಎರಡು ಭಾಷೆಗಳಲ್ಲಿ ಶಿಕ್ಷಣ, ಮೆಕ್ಸಿಕನ್ ಮೂಲದ ಶಿಕ್ಷಕರು, ತಮ್ಮ ಜನರ ಚರಿತ್ರೆ ಇರುವ ಪಠ್ಯಪುಸ್ತಕಗಳು ಇವೆ. ಇವು ಯಾವ ಮುಖಂಡರಾದರೂ ಬರೆಯಬಹುದಾದ ಸಾಲುಗಳು. ಅವುಗಳ ಪಕ್ಕದಲ್ಲೇ ಇವೂ ಇವೆ: ಶೌಚಾಲಯಗಳಿಗೆ ಬೀಗ ಹಾಕಬಾರದು. ಶಿಕ್ಷೆಯೆಂದು ಮಕ್ಕಳಿಂದ ಕಸ ಗುಡಿಸಿಸಬಾರದು. ಹೊಡೆಯಬಾರದು. ಇವನ್ನು ಮಕ್ಕಳು ಮಾತ್ರ ಬರೆಯಬಲ್ಲರು. ಬಿಡುವಿನ ವೇಳೆಯಲ್ಲಿ ಬೀಗ ಹಾಕಿದ ಶೌಚಾಲಯದ ಮುಂದೆ ನಿಂತ ಹುಡುಗಿಯ ಅವಮಾನಕ್ಕೆ ಸಂವಿಧಾನದ ಯಾವ ವಿಧಿಯಲ್ಲೂ ಹೆಸರಿಲ್ಲ, ಈ ಪಟ್ಟಿಯಲ್ಲಿದೆ. ಓಣಿಯ ಅರ್ಜಿಗಳಲ್ಲಿ ನಾವು ಬಿಟ್ಟುಬಿಡುತ್ತಿದ್ದದ್ದು ಇಂಥ ಸಾಲುಗಳನ್ನೇ. ಇಲ್ಲಿ ಯಾರೂ ತಾವು ಬಿಳಿಯರೆಂದು, ಒಳ್ಳೆಯವರೆಂದು ಸಾಬೀತು ಮಾಡಲು ಹೊರಟಿಲ್ಲ. ಬೀಗ ತೆಗೆಯಿರಿ ಎಂದು ಕೇಳಲು ಯಾವ ಅರ್ಹತಾಪತ್ರವೂ ಬೇಕಿಲ್ಲವಷ್ಟೆ. ಬೀಗ ತೆಗೆದರೆ ಅದರ ಲಾಭ ಒಂದೇ ಜನಾಂಗಕ್ಕೆ ಸೇರುವುದೂ ಇಲ್ಲ. ಅದೇ ತಿಂಗಳು ನಗರದ ಜೆಫರ್ಸನ್ ಹೈಸ್ಕೂಲಿನ ಕಪ್ಪು ವಿದ್ಯಾರ್ಥಿಗಳೂ ತಮ್ಮ ಬೇಡಿಕೆಗಳೊಂದಿಗೆ ಹೊರಬಂದರು. ಪ್ರಭುತ್ವದ ಉತ್ತರ ಬಂಧನವಾಗಿತ್ತು. ಮೇ ತಿಂಗಳ ಕೊನೆಯಲ್ಲಿ ಕ್ಯಾಸ್ಟ್ರೊ ಸೇರಿ 13 ಮಂದಿಯ ಮೇಲೆ ಒಳಸಂಚಿನ ಮೊಕದ್ದಮೆ ಹಾಕಿದರು. 1970ರಲ್ಲಿ ಅದು ಬಿದ್ದುಹೋಯಿತು. ಕೆಲಸದಿಂದ ಬದಿಗೆ ಸರಿಸಿದ್ದ ಕ್ಯಾಸ್ಟ್ರೊರನ್ನು ಜನ ಮಂಡಳಿಯ ಕಚೇರಿಯಲ್ಲೇ ಧರಣಿ ಕೂತು ವಾಪಸು ಪಡೆದರು. 2006ರಲ್ಲಿ ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಈ ಪ್ರಸಂಗವನ್ನು 'ವಾಕೌಟ್' ಎಂಬ ಚಲನಚಿತ್ರವಾಗಿ ಮಾಡಿದರು.

ಟೆಕ್ಸಸ್‌ನ ಕ್ರಿಸ್ಟಲ್ ಸಿಟಿಯ ಮಕ್ಕಳದು ಇನ್ನೂ ಸಣ್ಣ ವಿಷಯ. ಪಾಲಕ್ ಸೊಪ್ಪಿನ ಬೆಳೆಗೆ ಹೆಸರಾದ ಊರು ಅದು. 1937ರಲ್ಲಿ ಊರಿನವರು ಕಾರ್ಟೂನಿನ ಪಪಾಯ್‌ಗೆ ಪ್ರತಿಮೆ ನಿಲ್ಲಿಸಿದ್ದಾರೆ. ಜನಸಂಖ್ಯೆಯಲ್ಲಿ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ಮೆಕ್ಸಿಕನ್ನರಿದ್ದರೂ, ಪಂದ್ಯಗಳಲ್ಲಿ ಆಟಗಾರರನ್ನು ಹುರಿದುಂಬಿಸುವ ನಾಲ್ವರು ಚಿಯರ್ ಲೀಡರ್ ಹುಡುಗಿಯರಲ್ಲಿ ಮೆಕ್ಸಿಕನ್ ಹುಡುಗಿ ಒಬ್ಬಳೇ ಇರಬೇಕೆಂಬುದು ರೂಢಿ. ಹಳೆಯ ವಿದ್ಯಾರ್ಥಿಗಳ ಸಂಘ ಶಾಲೆಯ ಉತ್ಸವದ 'ರಾಣಿ'ಯನ್ನು ಆರಿಸಲು ಒಂದು ನಿಯಮ ಮಾಡಿತು: ಹುಡುಗಿಯ ತಾಯಿ ಅಥವಾ ತಂದೆ ಅದೇ ಶಾಲೆಯಲ್ಲಿ ಓದು ಮುಗಿಸಿರಬೇಕು. ಓದು ಮುಗಿಸಲು ಬಿಟ್ಟಿದ್ದರಲ್ಲವೆ ಮುಗಿಸುವುದು? ಜಾತಿಯ ಹೆಸರೆತ್ತದೆ ಜಾತಿ ಕಾಯುವ ನಿಯಮಗಳನ್ನು ಕಂಡಿರುವ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಮಕ್ಕಳು ಅರ್ಜಿ ಕೊಟ್ಟರು. ಮಂಡಳಿ ಕೇಳಲಿಲ್ಲ. 1969ರ ಡಿಸೆಂಬರಿನಲ್ಲಿ ಶಾಲೆ ಖಾಲಿಯಾಯಿತು. ಜನವರಿಯಲ್ಲಿ ಮಂಡಳಿ ಮಣಿಯಿತು. ಏಪ್ರಿಲಿನಲ್ಲಿ ನಡೆದ ಚುನಾವಣೆಯಲ್ಲಿ ಮಂಡಳಿಯ ಆಡಳಿತವೇ ಮೆಕ್ಸಿಕನ್ನರ ಕೈಗೆ ಬಂತು.

ಇದೇ ಕ್ರಿಸ್ಟಲ್ ಸಿಟಿಯಲ್ಲಿ 1935ರಲ್ಲಿ ಹುಟ್ಟಿದ ಲೇಖಕ ತೊಮಾಸ್ ರಿವೆರಾ. ವಲಸೆ ಕೂಲಿಗಳ ಮಗ. 1971ರಲ್ಲಿ ಸ್ಪ್ಯಾನಿಷಿನಲ್ಲಿ ಪ್ರಕಟವಾದ ಅವರ '...ಮತ್ತು ನೆಲ ಅವನನ್ನು ನುಂಗಲಿಲ್ಲ' ಎಂಬ ಕೃತಿಯಲ್ಲಿ ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗನ ಕತೆಯೊಂದಿದೆ. ಜಗಳವಾಗಿದೆ, ತಪ್ಪು ಇವನ ಮೇಲೆ ಬಂದಿದೆ. ಮನೆಯ ದಾರಿ ಹಿಡಿದಿರುವ ಹುಡುಗನಿಗೆ ಶಾಲೆಯಲ್ಲಿ ಬಟ್ಟೆ ಬಿಚ್ಚಿಸಿ ಹೇನು ಹುಡುಕಿದ್ದು ನೆನಪಾಗುತ್ತದೆ. ಮಗ ಟೆಲಿಫೋನ್ ಆಪರೇಟರ್ ಆಗುತ್ತಾನೆಂದು ಮನೆಯವರು ಇಟ್ಟುಕೊಂಡ ಆಸೆ ನೆನಪಾಗುತ್ತದೆ. ನಿಜವಾಗಿ ಹೊರಹಾಕಿದರೋ ಇಲ್ಲವೋ ಎಂದು ತನ್ನನ್ನು ತಾನೇ ನಂಬಿಸಿಕೊಳ್ಳಲು ನೋಡುತ್ತಾನೆ. ಈ ಕೊನೆಯ ಸಂಗತಿ ಯಾವ ಬೇಡಿಕೆ ಪಟ್ಟಿಯಲ್ಲೂ ಬರಲಾರದು. ಹೊರಹಾಕಿದ್ದು ತಪ್ಪು ಎಂದು ಅರ್ಜಿ ಹೇಳಬಲ್ಲದು. ಹೊರಹಾಕಿದ ಮೇಲೂ ಹಾಕಿಲ್ಲವೆಂದು ನಂಬಬಯಸುವ ಮಗುವಿನ ಮನಸ್ಸನ್ನು ಹೇಳಲು ಕತೆಯೇ ಬೇಕು. ಸಮುದಾಯಕ್ಕೆ ಎರಡೂ ಬೇಕೆಂಬುದಕ್ಕೆ ಪಾಲಕ್ ಬೆಳೆಯುವ ಈ ಸಣ್ಣ ಊರೇ ಸಾಕ್ಷಿ. ರಿವೆರಾ ಮುಂದೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ರಿವರ್‌ಸೈಡ್ ಶಾಖೆಯ ಮುಖ್ಯಸ್ಥರಾಗಿ, ಆ ಹುದ್ದೆಯಲ್ಲಿರುವಾಗಲೇ 1984ರಲ್ಲಿ ತೀರಿಕೊಂಡರು.

ಇಲ್ಲಿಯವರೆಗೆ ಹೇಳಿದವರಿಗೆಲ್ಲ ಸಹಿ ಹಾಕಲು ಒಂದು ಹೆಸರಾದರೂ ಇತ್ತು. ಸಹಿ ಹಾಕಿದರೆ ಮನೆಮಠವೇ ಹೋಗುವವರು ಏನು ಮಾಡಬೇಕು? ದಾಖಲೆಪತ್ರವಿಲ್ಲದೆ ಬಂದ ಮಕ್ಕಳ ಓದಿಗೆ ಸರ್ಕಾರದ ಹಣ ಕೊಡುವುದಿಲ್ಲವೆಂದು ಟೆಕ್ಸಸ್ 1975ರಲ್ಲಿ ಕಾನೂನು ಮಾಡಿತು. ಟೈಲರ್ ಎಂಬ ಊರಿನ ಮಂಡಳಿ 1977ರಲ್ಲಿ ಅಂಥ ಮಗುವಿಗೆ ವರ್ಷಕ್ಕೆ 1,000 ಡಾಲರ್ ಶುಲ್ಕ ವಿಧಿಸಿತು. ನಾಲ್ಕು ಕುಟುಂಬಗಳು 'ಡೋ' ಎಂಬ ಸುಳ್ಳು ಹೆಸರಿನಲ್ಲಿ ನ್ಯಾಯಾಲಯಕ್ಕೆ ಹೋದವು. ಗುರುತು ಹೊರಬೀಳದಿರಲೆಂದು ವಿಚಾರಣೆ ಬೆಳಗಿನ ಜಾವ ಆರು ಗಂಟೆಗೆ ನಡೆಯಿತು. ಅಲ್ಲಿಂದಲೇ ಗಡಿಯಾಚೆ ಕಳಿಸಬಹುದೆಂದು ಹೆದರಿ ಕುಟುಂಬಗಳು ಸಾಮಾನನ್ನೆಲ್ಲ ಕಾರಿಗೆ ತುಂಬಿಕೊಂಡೇ ಬಂದಿದ್ದವು. 1982ರ ಜೂನ್ 15ರಂದು ಸುಪ್ರೀಂ ಕೋರ್ಟು ಐವರು ಮತ್ತು ನಾಲ್ವರ ಅಂತರದಲ್ಲಿ ಮಕ್ಕಳ ಪರ ನಿಂತಿತು.

ಈ ತೀರ್ಪು ದೊಡ್ಡದು. ಆದರೂ ಅದರೊಳಗೆ ಇನ್ನೊಂದು ಪಟ್ಟಿ ಅಡಗಿದೆ. ತಂದೆತಾಯಿಗಳ ತಪ್ಪಿಗೆ ಮಕ್ಕಳನ್ನು ಶಿಕ್ಷಿಸಬಾರದು ಎಂಬುದು ನ್ಯಾಯಮೂರ್ತಿ ಬ್ರೆನನ್ ಅವರ ತರ್ಕ. ಮಗು ನಿರ್ದೋಷಿ ಎಂದ ಕೂಡಲೇ ತಾಯಿ ದೋಷಿಯಾದಳು. 2001ರಿಂದ ಮತ್ತೆ ಮತ್ತೆ ಸಂಸತ್ತಿಗೆ ಬಂದು ಪಾಸಾಗದೆ ಉಳಿದ ಡ್ರೀಮ್ ಕಾಯ್ದೆಯ ಪರವಾದ ಮನವಿಗಳೂ ಇದೇ ಭಾಷೆಯಲ್ಲಿ ಮಾತಾಡಿದವು: ಚೆನ್ನಾಗಿ ಓದುವವರು, ಬರುವಾಗ ಏನೂ ಅರಿಯದ ಮಕ್ಕಳಾಗಿದ್ದವರು. ಆಗ ಚೆನ್ನಾಗಿ ಓದದ ಹುಡುಗನ ಗತಿಯೇನು? ಅವನನ್ನು ಬೆನ್ನಿಗೆ ಕಟ್ಟಿಕೊಂಡು ಮರುಭೂಮಿ ದಾಟಿದ ತಾಯಿಯ ಗತಿಯೇನು? 1931ರಲ್ಲಿ ಬಿಳುಪು ಮಾಡಿದ ಕೆಲಸವನ್ನು ಇಲ್ಲಿ ನಿರ್ದೋಷ ಮಾಡುತ್ತಿದೆ. 2010ರ ಹೊತ್ತಿಗೆ ಈ ಯುವಜನರೇ ಇದನ್ನು ಅರಿತರು. ದಾಖಲೆಯಿಲ್ಲ, ಭಯವೂ ಇಲ್ಲ ಎಂದು ತಮ್ಮ ಹೆಸರು ಹೇಳಿ ಬಹಿರಂಗವಾಗಿ ನಿಂತರು. ತಂದೆತಾಯಿಗಳು ತಪ್ಪಿತಸ್ಥರಲ್ಲ, ಧೈರ್ಯವಂತರು ಎಂದು ಹೇಳಲು ಅವರಲ್ಲಿ ಕೆಲವರು ಕಲಿತರು. 'ಡೋ' ಎಂಬ ಸುಳ್ಳು ಹೆಸರಿನಿಂದ ಸ್ವಂತ ಹೆಸರಿಗೆ ಬರಲು ಮೂವತ್ತು ವರ್ಷ ಹಿಡಿಯಿತು. ಟೈಲರ್‌ನ ಪ್ರಶ್ನೆಯೂ ಮುಗಿದಿಲ್ಲ. 2025ರಲ್ಲಿ ಟೆನೆಸ್ಸಿ ರಾಜ್ಯದ ಸೆನೆಟ್, ಅಂಥ ಮಕ್ಕಳಿಗೆ ಶುಲ್ಕ ಹಾಕಲು ಅಥವಾ ಪ್ರವೇಶ ನಿರಾಕರಿಸಲು ಶಾಲೆಗಳಿಗೆ ಅಧಿಕಾರ ಕೊಡುವ ಮಸೂದೆಯನ್ನು ಅಂಗೀಕರಿಸಿತು. ಅದು ಕೆಳಮನೆಯಲ್ಲಿ ನಿಂತಿತು.

'ನಾವು' ಎಂಬ ಮಾತಿಗೇ ಪ್ರಭುತ್ವ ಹೆದರಿದ ಪ್ರಸಂಗವೂ ಉಂಟು. ಅರಿಜೋನದ ಟೂಸಾನ್ ನಗರದ ಶಾಲೆಗಳಲ್ಲಿ ಮೆಕ್ಸಿಕನ್ ಅಮೆರಿಕನ್ ಅಧ್ಯಯನವೆಂಬ ವಿಭಾಗವಿತ್ತು. ಜನಾಂಗದ ಒಗ್ಗಟ್ಟನ್ನು ಬೋಧಿಸುವ ಪಾಠಗಳನ್ನು ನಿಷೇಧಿಸುವ ಕಾನೂನನ್ನು ರಾಜ್ಯ 2010ರಲ್ಲಿ ಮಾಡಿತು. 2011ರಲ್ಲಿ ವಿದ್ಯಾರ್ಥಿಗಳು ಮಂಡಳಿಯ ಸಭೆಗೆ ನುಗ್ಗಿ ಸದಸ್ಯರ ಕುರ್ಚಿಗಳಿಗೆ ತಮ್ಮನ್ನು ಸರಪಳಿಯಿಂದ ಕಟ್ಟಿಕೊಂಡರು. 2012ರ ಜನವರಿಯಲ್ಲಿ ವಿಭಾಗ ಮುಚ್ಚಿತು. ಏಳು ಪುಸ್ತಕಗಳನ್ನು ತರಗತಿಗಳಿಂದ ಡಬ್ಬಗಳಲ್ಲಿ ತುಂಬಿ ಸಾಗಿಸಿದರು. 2017ರಲ್ಲಿ ನ್ಯಾಯಾಧೀಶ ವಾಲೆಸ್ ತಶಿಮಾ, ಈ ಕಾನೂನಿನ ಹಿಂದೆ ಜನಾಂಗೀಯ ದ್ವೇಷವಿತ್ತೆಂದು ತೀರ್ಪು ಕೊಟ್ಟರು. ಜಪಾನಿ ಮೂಲದ ಈ ನ್ಯಾಯಾಧೀಶರು ಬಾಲ್ಯದಲ್ಲಿ ಸೆರೆಯಲ್ಲಿದ್ದದ್ದು ಅದೇ ಪೋಸ್ಟನ್ ಶಿಬಿರದಲ್ಲಿ. ಮುನೆಮಿತ್ಸು ಕುಟುಂಬವಿದ್ದ ಶಿಬಿರ! ಕತೆಯಲ್ಲಿ ಹೀಗೆ ಬರೆದರೆ ಕಟ್ಟುಕತೆಯೆಂದು ನಮ್ಮನ್ನು ಹಾಸ್ಯ ಮಾಡುತ್ತಿದ್ದರು.

2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಡಿ ಪ್ರಾಣ ಬಿಟ್ಟ ಮೇಲೆ ಅಮೆರಿಕದ ಊರೂರುಗಳಲ್ಲಿ ಜನಾಂಗೀಯ ನ್ಯಾಯ ಕೇಳುವ ಮನವಿಗಳು ಹೊರಟವು. ಶಾಲೆಯಲ್ಲಿ ಪೊಲೀಸರು ಬೇಡ, ನಮ್ಮ ಚರಿತ್ರೆಯ ಪಾಠ ಬೇಕು ಎಂದು ಕಪ್ಪು, ಲ್ಯಾಟಿನೊ ವಿದ್ಯಾರ್ಥಿಗಳು ಒಟ್ಟಿಗೇ ಕೇಳಿದರು. ಕ್ಯಾಲಿಫೋರ್ನಿಯ 2021ರಲ್ಲಿ ಜನಾಂಗೀಯ ಅಧ್ಯಯನವನ್ನು ಹೈಸ್ಕೂಲಿಗೆ ಕಡ್ಡಾಯ ಮಾಡುವ ಕಾನೂನನ್ನೂ ತಂದಿತು. ಹಣ ಒದಗಿಸಿದರೆ ಮಾತ್ರ ಜಾರಿ ಎಂಬ ಷರತ್ತು ಅದರೊಳಗೇ ಇತ್ತು. ಈಗ ಸಹಿ ಹಾಕುವುದು ಬೆರಳಿನ ಒಂದು ಒತ್ತಿಗೆ ಇಳಿದಿದೆ. ಲಕ್ಷ ಸಹಿ ಸುಲಭ, ಜೊತೆಗೆ ನಿಲ್ಲುವುದು ಹಿಂದಿನಷ್ಟೇ ಕಷ್ಟ. ಲ್ಯಾಟಿನೊ ಎಂಬ ಹೆಸರಿನೊಳಗೇ ಕಪ್ಪು ಬಣ್ಣದವರಿದ್ದಾರೆ, ಮೂಲನಿವಾಸಿ ಭಾಷೆಗಳ ಮನೆಗಳಿಂದ ಬಂದ ಮಕ್ಕಳಿದ್ದಾರೆ. ಸ್ಪ್ಯಾನಿಷ್ ಕೂಡ ಪರಭಾಷೆಯಾಗಿರುವ ಮಗುವಿಗೆ ಎರಡು ಭಾಷೆಯ ಶಾಲೆಯಿಂದ ಏನು ಸಿಕ್ಕಿತು ಎಂದು ಕೇಳದ ಮನವಿ ಇನ್ನೂ ಅರ್ಧವೇ.

ಹೊರಗೆ ನಿಂತು ನ್ಯಾಯ ಕೇಳುವವರಿಗೆ ತಾವು ಒಳ್ಳೆಯವರೆಂದು ತೋರಿಸುವ ಒತ್ತಡ ಯಾವಾಗಲೂ ಇರುತ್ತದೆ. ಅವಸರದಲ್ಲಿ ಆ ಮಾತನ್ನು ಆಡಿದವರನ್ನು ನಾವು ದೂರಲಾರೆವು. ಮಗುವಿನ ಓದು ಒಂದು ವರ್ಷ ಹೋದರೆ ಯಾವ ತತ್ವವೂ ಅದನ್ನು ವಾಪಸು ತರುವುದಿಲ್ಲ. ಆದರೆ ಇವಿಷ್ಟು ಪಠ್ಯಗಳನ್ನು ಓದಿದ ಮೇಲೆ ನಮ್ಮ ಮನಸ್ಸಿನಲ್ಲಿ ಉಳಿದದ್ದು ಗೆದ್ದ ವಾದಗಳಲ್ಲ. ಬೀಗ ಹಾಕಿದ ಶೌಚಾಲಯದ ಒಂದು ಸಾಲು, ಬೆಳಗಿನ ಜಾವದ ನ್ಯಾಯಾಲಯದ ಹೊರಗೆ ಸಾಮಾನು ತುಂಬಿ ನಿಂತ ಕಾರು, ತನ್ನ ಮತ್ತು ತಮ್ಮನ ಮಕ್ಕಳ ಕೈಹಿಡಿದು ಶಾಲೆಯಿಂದ ತಿರುಗಿ ಬರುತ್ತಿರುವ ಹೆಂಗಸು.

ಈಗಲೂ ಓಣಿಯವರು ಅರ್ಜಿ ಬರೆಸಲು ನಮ್ಮ ಮನೆಗೆ ಬರುತ್ತಾರೆ. ಮೊನ್ನೆ ಒಬ್ಬ ತಾಯಿ ಮಗಳ ವಿದ್ಯಾರ್ಥಿವೇತನ ಎರಡು ವರ್ಷದಿಂದ ಬಂದಿಲ್ಲವೆಂದು ಬಂದಿದ್ದರು. ಹಿಂದಿನಂತೆ 'ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಎಂದು ಶುರು ಮಾಡಿದ ಪೆನ್ನು ನಿಂತಿತು. "ಅಮ್ಮಾ, ತರಗತಿಯಲ್ಲಿ ಇನ್ನು ಯಾರ್‍ಯಾರಿಗೆ ಬಂದಿಲ್ಲ?" ಎಂದು ಕೇಳಿದೆವು. ಆಕೆ ಬೆರಳು ಮಡಚುತ್ತಾ ಹೆಸರು ಹೇಳತೊಡಗಿದರು. ಎಲ್ಲ ಕೇರಿಯ ಹೆಸರುಗಳೂ ಅದರಲ್ಲಿದ್ದವು. ಅವರನ್ನೆಲ್ಲ ಕೇಳಿಕೊಂಡು ಭಾನುವಾರ ಬನ್ನಿ, ಒಟ್ಟಿಗೇ ಬರೆಯೋಣ ಎಂದು ಕಳಿಸಿದ್ದೇವೆ.